ಎಂಟನೇ ನೀರಿಗೆ ಸೊನ್ನೆ ಅಂಕ

ಜಿಲ್ಲಾ ಆರೋಗ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ಉಸಿರು ಬಿಗಿಹಿಡಿದು ಮುಳುಗಿ ಕಡಲ ತಳದ ಚಿಪ್ಪು ಹೆಕ್ಕುವ, ಎಪ್ಪತ್ತು ದಾಟಿದ ಮುಳುಗುಗಾರ್ತಿಯರ ಬುದ್ಧಿ ನೆಟ್ಟಗಿದೆಯೇ ಎಂದು ತಾವು ನಡೆಸಿದ ಪರೀಕ್ಷೆಯಲ್ಲಿ ನನ್ನ ಗೆಳತಿ ಯಾಂಗ್ ಚುನ್‌ಹ್ವಾ ನಪಾಸಾಗಿದ್ದಾಳೆ, ನಾನು ಪಾಸಾಗಿದ್ದೇನೆ. ಅವಳು ಇನ್ನು ಸಮುದ್ರಕ್ಕೆ ಇಳಿಯುವಂತಿಲ್ಲ, ನಾನು ಇಳಿಯಬಹುದು. ಇಷ್ಟು ಅಚ್ಚುಕಟ್ಟಾಗಿ ತಲೆಕೆಳಗಾದ ತೀರ್ಪನ್ನು ನಮ್ಮ ಜೇಜು ದ್ವೀಪದಲ್ಲಿ ನಾನು ಈತನಕ ಕಂಡಿರಲಿಲ್ಲ.

ಸೆಳೆತ ಜೋರಾಗಿ ಯಾರೂ ನೀರಿಗಿಳಿಯದ ದಿನ ನೋಡಿ ನಿಮ್ಮ ನರ್ಸಮ್ಮ ನಮ್ಮನ್ನು ಆಸ್ಪತ್ರೆಗೆ ಕರೆಸಿದರು.

"ಅಜ್ಜಿ, ಇವತ್ತು ಎಷ್ಟನೇ ತಾರೀಖು?"

"ಎಂಟನೇ ನೀರು," ಎಂದಳು ಚುನ್‌ಹ್ವಾ. ಉಬ್ಬರವಿಳಿತ ನೋಡಿ ದಿನ ಎಣಿಸುವುದು ನಮ್ಮ ರೂಢಿ; ಎಂಟನೆಯದೆಂದರೆ ಸೆಳೆತ ಜೋರಿನ ದಿನ.

"ನಾನು ಕೇಳಿದ್ದು ತಾರೀಖು ಅಜ್ಜಿ."

"ತಾರೀಖು ಕೇಳ್ಕೊಂಡು ಸಮುದ್ರ ಏರುತ್ತೇನವ್ವ? ಮಧ್ಯಾಹ್ನ ಮೀನಿಗೆ ಹೋಗೋ ನಿನ್ ಗಂಡನ್ನ ದೋಣಿ ಹತ್ರ ಬಿಡ್ಬೇಡ, ಸೆಳೆತ ಕೆಟ್ಟದಾಗಿದೆ."

ಸೊನ್ನೆ. ತಿಂಗಳು ಕೇಳಿದಾಗ ಚಾಂದ್ರಮಾನದ ತಿಂಗಳು ಹೇಳಿದಳು. ಅದಕ್ಕೂ ಸೊನ್ನೆ. ನಾನೋ, ನರ್ಸಮ್ಮನ ಬೆನ್ನ ಹಿಂದಿನ ಕ್ಯಾಲೆಂಡರ್ ನೋಡಿಕೊಂಡು ಮೂವತ್ತಕ್ಕೆ ಇಪ್ಪತ್ತೊಂಬತ್ತು ಗಿಟ್ಟಿಸಿದೆ.

ತಾವು ಕೇಳದ ಪ್ರಶ್ನೆಗೂ ನನ್ನಲ್ಲಿ ಉತ್ತರವಿದೆ. ಹೋದ ತಿಂಗಳು ಒಂದೇ ದಿನ ನಾಲ್ಕು ಗಂಟೆ ಹೊತ್ತು, ನಡುವೆ ಸುಧಾರಿಸಿಕೊಳ್ಳದೆ, ನೂರಕ್ಕೂ ಹೆಚ್ಚು ಸಲ ಮುಳುಗಿ ಎದ್ದೆ. ಕೊನೆಯ ಸಲ ಎದ್ದಾಗ ಬಲಗೈ ನನ್ನ ಮಾತು ಕೇಳಲಿಲ್ಲ. ದಡ ಯಾವ ಕಡೆ ಎಂದೇ ತಿಳಿಯದೆ ನಡುಸಮುದ್ರದತ್ತ ಈಜತೊಡಗಿದೆ. ನಾನು ಎದೆಗವಚಿ ಈಜುತ್ತಿದ್ದ ತೇಲುಬುರುಡೆಯ ಹಗ್ಗ ಹಿಡಿದು ಚುನ್‌ಹ್ವಾ ದಡದತ್ತ ಎಳೆದಳು.

"ಎತ್ಲಾಗೆ ಹೊರಟ್ಯೇ? ಜಪಾನಿಗಾ? ಪಾಸ್‌ಪೋರ್ಟ್ ತಂದಿದೀಯಾ?"

ಅವಳ ಮಾತಿಗೆ ಆಗ ನಕ್ಕೆ. ಸಂಜೆಗೆ ಕೈಗೆ ಬಲ ಮರಳಿತು. ಮನೆಗೆ ಹೋದ ಮೇಲೆ ಹೆದರಿಕೆಯಾಯಿತು.

ಮುಳುಗುವ ಮುನ್ನ ನಾವೆಲ್ಲ ತಲೆನೋವಿನ ಪುಡಿ ನುಂಗುತ್ತೇವೆ, ಐವತ್ತು ವರ್ಷದಿಂದ. ಇಡೀ ಊರಿನ ಹೆಂಗಸರಿಗೆ ಒಂದೇ ತಲೆನೋವು ಯಾಕೆಂದು ತಮ್ಮ ಕಚೇರಿ ಕೇಳಿದ್ದುಂಟೇ? ಬಿಡುವಿಲ್ಲದೆ ಮುಳುಗಿದರೆ ರಕ್ತದಲ್ಲಿ ಗುಳ್ಳೆ ಎದ್ದು ಮಿದುಳಿಗೆ ಪೆಟ್ಟಾಗಬಹುದು ಎಂದು ತಮ್ಮ ವೈದ್ಯರೇ ಸಭೆಯಲ್ಲಿ ಹೇಳಿದರು, ನಮ್ಮ ಜೊತೆ ಫೋಟೋ ತೆಗೆಸಿಕೊಂಡು ಹೊರಟುಹೋದರು. ಆಮೇಲೆ ಬಂದದ್ದು ಈ ತಾರೀಖಿನ ಪ್ರಶ್ನೆ.

ಆದ್ದರಿಂದ ಆ ಪ್ರಶ್ನೆಪತ್ರಿಕೆಯನ್ನು ಹರಿದು ಹಾಕಿ. ಎಷ್ಟು ಸಲ ಮುಳುಗುತ್ತೀರಿ, ನಡುವೆ ಎಷ್ಟು ಹೊತ್ತು ಸುಧಾರಿಸಿಕೊಳ್ಳುತ್ತೀರಿ, ಯಾವ ಕೈ ಸೋಲುತ್ತದೆ ಎಂದು ಕೇಳಿ. ನನ್ನ ತಲೆಯನ್ನು ಬಲ್ಲ ವೈದ್ಯರಿಗೆ ತೋರಿಸಿ. ಅಲ್ಲಿಯತನಕ ನನ್ನನ್ನು ದಡದಲ್ಲಿ ಕೂರಿಸಿ, ಅವಳನ್ನು ನೀರಿಗೆ ಬಿಡಿ. ನಾನಾಗಿಯೇ ಕೂರುವವಳಲ್ಲ, ಅದು ಐವತ್ತು ವರ್ಷದ ಚಾಳಿ.

ಬರುವ ವಾರ ನೀರಿನ ಸೆಳೆತ ತಗ್ಗುತ್ತದೆ. ತಮ್ಮ ಅನುಮತಿಪತ್ರ ಇಟ್ಟುಕೊಂಡು ನಾನು ಇಳಿಯುತ್ತೇನೆ. ನಾನು ದಾರಿ ತಪ್ಪಿದರೆ ಹಗ್ಗ ಹಿಡಿದು ಎಳೆಯಲು ತಮ್ಮ ಕಚೇರಿಯಿಂದ ಯಾರು ಬರುತ್ತೀರಿ?

ಇಂತಿ,
ತಾರೀಖು ಸರಿಯಾಗಿ ಹೇಳಿದ, ದಡ ಮರೆತ
ಬು ಓಕ್‌ಸನ್