ಕ್ರಿಯಾಪದ ಕಿತ್ತುಕೊಂಡವರು

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಸಕಲ ದಂತಲೋಕದ ಸಾಕ್ಷಿಯಾಗಿ ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಮಕ್ಕಳು ಎಷ್ಟು ಹೊತ್ತು ಹಲ್ಲುಜ್ಜಬೇಕೆಂದು ತೋರಿಸಲು ನಿನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಎರಡು ನಿಮಿಷದ ಮರಳು ಗಡಿಯಾರ ಇಟ್ಟಿದ್ದೆಯಲ್ಲ, ಅದನ್ನು ಕದ್ದವಳು ನಾನೇ. ಪಾಪ, ನೀನು ಆ ಹಲ್ಲಿಲ್ಲದ ಅಜ್ಜನನ್ನು ಅನುಮಾನಿಸಿದೆ. ಮರಳಿ ಕೊಡು ಎನ್ನಬೇಡ. ಮರಳು ಅದರೊಳಗಿದೆ, ಮರಳಿಸುವ ಬುದ್ಧಿ ನನ್ನೊಳಗಿಲ್ಲ.

ಅದು ಬೇಕಾದದ್ದು ಹಾಸಿಗೆ ಕಾರ್ಖಾನೆಗೆ. ಕಂಪನಿಗಳಿಗೆ ಹೋಗಿ, ಅಲ್ಲಿನ ಕೆಲಸ ಎಲ್ಲಿ ಗಂಟು ಬಿದ್ದಿದೆಯೆಂದು ನೋಡಿ, ಬಿಡಿಸುವುದನ್ನು ಅಲ್ಲಿನವರಿಗೇ ಕಲಿಸುವುದು ನನ್ನ ಕಸುಬು ಎಂದು ನಿನಗೆ ನೂರು ಸಲ ಹೇಳಿದ್ದೇನೆ. ಆದರೂ ನೀನು ಬಂದವರಿಗೆಲ್ಲ, ನಮ್ಮ ಚಿನಕುರುಳಿ ಏನೋ ಟ್ರೈನಿಂಗ್ ಅಂತೆ ಕಣ್ರೀ, ಎನ್ನುತ್ತೀ. ಅವರು ನನ್ನನ್ನು ರೈಲಿನ ವೇಳೆ ಕೇಳುತ್ತಾರೆ.

ಮೂಲೆ ಹೊಲಿಗೆ ಬಿಚ್ಚಿಕೊಂಡು ಹಾಸಿಗೆಗಳು ವಾಪಸು ಬರುತ್ತಿವೆ, ಯಾಕೆಂದು ಒಬ್ಬರೂ ಬಾಯಿ ಬಿಡುವುದಿಲ್ಲ ಎನ್ನುವುದು ಯಜಮಾನರ ದೂರು. ಇವ್ರಿಗೆ ಮಾತಾಡೋದು ಕಲಿಸಿ ಮೇಡಂ, ಎಂದರು. ಒಂದು ವಾರ ಅವರ ಬೆಳಗಿನ ಸಭೆಯಲ್ಲಿ ಸುಮ್ಮನೆ ಕೂತು ಕೇಳಿದೆ. (ಆಲಿಸುವುದನ್ನು ಅವರು ಆಲಸ್ಯ ಎಂದುಕೊಂಡರು.) ಯಾರು ಮಾತು ಶುರುಮಾಡಿದರೂ ಕ್ರಿಯಾಪದ ಹಾಕಿ ಮುಗಿಸುವವರು ಯಜಮಾನರೇ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅದನ್ನು ಕಿತ್ತುಕೊಂಡರೆ ಆಡುವವರ ಪಾಲಿಗೆ ಉಳಿಯುವುದು ಕರ್ಮ ಮಾತ್ರ.

ಎಂಟನೆಯ ದಿನ ನಿನ್ನ ಗಡಿಯಾರವನ್ನು ಹೊಲಿಗೆ ವಿಭಾಗದ ಮೇಲ್ವಿಚಾರಕಿಯ ಮುಂದಿಟ್ಟು, ಮರಳು ಇಳಿಯುವವರೆಗೆ ಮಾತು ಇವರದು ಎಂದೆ. ಆ ಹೊಸ ನೂಲು ಸಾರ್, ಮೂಲೆ ಹತ್ರ ಬಂದಾಗ, ಎಂದು ಆಕೆ ಶುರುಮಾಡಿದರು. ಚೆನ್ನಾಗೇ ಇದೆ, ಎಂದು ಯಜಮಾನರು ಮುಗಿಸಿದರು. ನಾನು ಗಡಿಯಾರ ತಿರುಗಿಸಿದೆ. ಮತ್ತೆ ಬಾಯಿ ಹಾಕಿದರು, ಮತ್ತೆ ತಿರುಗಿಸಿದೆ. ಕೊನೆಗೂ ಆಕೆಯ ಬಾಯಿಂದ ಸ್ವಂತ ಕ್ರಿಯಾಪದ ಹೊರಬಿತ್ತು: ತುಂಡಾಗುತ್ತೆ. ಆ ನೂಲನ್ನು ಆರಿಸಿದವರು ಸಾಕ್ಷಾತ್ ಯಜಮಾನರು.

ನಿಮ್ಮನ್ನ ಕರೆಸಿದ್ದು ಇವ್ರಿಗೆ ಕಲಿಸೋಕೆ, ನನಗಲ್ಲ, ಎಂದರು. ಕೆಲಸಗಾರರಿಗೆ ಯೋಗ್ಯತೆ ಸಾಲದೆಂದು ವರದಿ ಬರೆದುಕೊಡಿ ಎಂದರು. ಇಲ್ಲಿ ತರಬೇತಿ ಬೇಕಾಗಿರುವುದು ಒಬ್ಬರಿಗೆ, ಅವರು ಮೇಜಿನ ತಲೆಗೆ ಕೂರುತ್ತಾರೆ ಎಂದು ಬರೆದುಕೊಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಮೇಡಂ, ಎಂದರು. ನಿಮ್ಮ ಹಾಸಿಗೇಲಿ ಚಾಚಿದ್ರೆ ಹೊಲಿಗೆ ಬಿಚ್ಚುತ್ತೆ ಸಾರ್, ಎಂದು ಚೀಲ ಎತ್ತಿಕೊಂಡು ಬಂದೆ. ನನ್ನ ವರ್ಷದ ಅರ್ಧ ಕೆಲಸ ಅಲ್ಲೇ ಇತ್ತು. ಅದು ಹೋಯಿತು.

ಸುದ್ದಿ ತಿಳಿದು ನೀನು ಭಾನುವಾರ ಫೋನ್ ಮಾಡಿದೆ. ಭಾವ ಹುಡುಕಿಕೊಟ್ಟ ಬ್ಯಾಂಕಿನ ತರಬೇತಿ ವಿಭಾಗದ ಮಾತೆತ್ತಿದೆ. ಉತ್ತರ ಕೇಳು: ಸೇರುವುದಿಲ್ಲ. ಯಾರೋ ಬರೆದ ಪಾಠವನ್ನು ಗೋಡೆಯ ಮೇಲೆ ತೋರಿಸಿ, ಆಕಳಿಸುವವರ ಹಾಜರಿ ಹಾಕುವ ಕೆಲಸ ನನಗೆ ಬೇಡ. ಕಾಯಂ ಕೆಲಸದಲ್ಲಿ ಕಾಯುವುದೇ ಕೆಲಸ, ಮೊದಲು ಸಂಬಳಕ್ಕೆ, ಆಮೇಲೆ ನಿವೃತ್ತಿಗೆ. ನನ್ನ ಆಫೀಸಿನ ಬಾಗಿಲಿನ ಬೋರ್ಡು ಇಳಿಯುವುದಿಲ್ಲ. ಬಾಡಿಗೆ ಕಷ್ಟವಾದರೆ ಮೇಜನ್ನು ಮನೆಗೆ ತರುತ್ತೇನೆ, ಬೋರ್ಡನ್ನು ಕತ್ತಿಗೆ ನೇತುಹಾಕಿಕೊಳ್ಳುತ್ತೇನೆ. ಈ ಊರಿನಲ್ಲಿ ಎದುರಿನವರ ಮಾತನ್ನು ಕ್ರಿಯಾಪದದವರೆಗೆ ಕೇಳುವವಳು ನಾನೊಬ್ಬಳೇ. ಈ ಕಿವಿಯನ್ನು ಮುಚ್ಚಲು ಹೇಳಬೇಡ.

ಇದನ್ನೆಲ್ಲ ಪತ್ರದಲ್ಲಿ ಯಾಕೆ ಬರೆದೆ ಗೊತ್ತೇ? ನೀನು ಎದುರಿನವರ ಬಾಯಿ ತೆರೆಸಿಟ್ಟು ಮಾತೆಲ್ಲ ನೀನೇ ಆಡುವವಳು. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವಂತಿಲ್ಲ.

ಹಲ್ಲು ಕಚ್ಚಿ ನಿಂತಿರುವ ನಿನ್ನ ತಂಗಿ,
ಚಿನಕುರುಳಿ

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚುತ್ತಿರುವಾಗ ಭಾವ ಫೋನ್ ಮಾಡಿದರು. ನಿಮ್ಮಕ್ಕ ಮೂರು ದಿನದಿಂದ ಅರ್ಧ ಮಾತು ನುಂಗ್ಕೊಂಡು ಓಡಾಡ್ತಿದಾಳಮ್ಮ, ಎಂದರು. ಆ ಬ್ಯಾಂಕಿನ ಕೆಲಸಕ್ಕೆ ನೀನು, ಎಂದು ಭಾನುವಾರ ನಿನ್ನ ಬಾಯಿಂದ ಬರುವಷ್ಟರಲ್ಲಿ ನಾನು ಭಾಷಣ ಬಿಗಿದು ಫೋನ್ ಇಟ್ಟೆನಂತೆ. ಕೆಲಸ ಹುಡುಕಿದ್ದಕ್ಕೆ ನೀನು ಭಾವನಿಗೇ ಬೈದಿದ್ದೆಯಂತೆ. ನನಗೆ ಹೇಳಹೊರಟಿದ್ದ ಕ್ರಿಯಾಪದ ‘ಸೇರಬೇಡ’ ಎಂಬುದಂತೆ.

ಪತ್ರ ಹರಿಯಲು ಮನಸ್ಸು ಬರಲಿಲ್ಲ, ಜಗಳ ಚೆನ್ನಾಗಿ ಬಂದಿದೆ. ಇನ್ನೊಂದು ಮಾತು. ಭಾನುವಾರ ನಿನ್ನ ಫೋನ್ ಎತ್ತಿದಾಗ ಅಭ್ಯಾಸಬಲದಿಂದ ಗಡಿಯಾರ ತಿರುಗಿಸಿಟ್ಟಿದ್ದೆ. ನಾನು ಬಾಯಿ ಹಾಕಿದಾಗ ಮರಳೆಲ್ಲ ಇನ್ನೂ ಮೇಲೆಯೇ ಇತ್ತು.