ತಟ್ಟಿ ನೋಡದ ಸಾಣೆಚಕ್ರ

ಮನೆಯಿಂದ,
ಜೂನ್ ೧೧, ಮಂಗಳವಾರ ಬೆಳಿಗ್ಗೆ

ನನ್ನ ಹಿರಿಮಗನಿಗೆ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನಿಗೆ, ಅಮ್ಮನ ಆಶೀರ್ವಾದ.

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಹೊಟ್ಟೆಗೆ ಏನಾದರೂ ಹಾಕಿಕೊಳ್ಳುತ್ತೀಯೋ, ಇಲ್ಲ ಬರೀ ಸಿಟ್ಟಿನಲ್ಲೇ ಹೊಟ್ಟೆ ತುಂಬಿಸುತ್ತೀಯೋ? ಸಾಣೆ ಮಾಮನ ಅಕ್ಕನ ಊರಿನಲ್ಲಿ ಅವನಿಗಾಗಿ ಕಾದು ಕೂತಿದ್ದೀಯಂತೆ. ಯಾವ ಲಾಡ್ಜು ಎಂದು ಚಿಕ್ಕಪ್ಪ ಬಾಯಿಬಿಡುವುದಿಲ್ಲ. ಕಾಗದ ಕೊಟ್ಟರೆ ಮುಟ್ಟಿಸುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾನೆ.

ನೀನು ಹೋಗಿ ಒಂಬತ್ತು ದಿನ. ಅಪ್ಪ ಸಾಣೆ ಹಿಡಿದ ಚೂರಿಯೊಂದನ್ನು ತೆಗೆದುಕೊಂಡು, "ಅವನನ್ನ ಮುಗಿಸ್ದೆ ಈ ಮೆಟ್ಲು ಹತ್ತಲ್ಲ" ಎಂದು ಹೋದೆ. ಅಪ್ಪನ ಜೊತೆಗಾರನಿಗೆ ಸಾಣೆ ಮಾಮ ಎಂದು ಹೆಸರಿಟ್ಟವನು ಮೂರು ವರ್ಷದ ನೀನೇ. ಅವನದು ತಪ್ಪಲ್ಲ ಎಂದು ನಾನು ಹೇಳುತ್ತಿಲ್ಲ. ಹೊಸ ಸಾಣೆಚಕ್ರವನ್ನು ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ತಟ್ಟಬೇಕು. ಠಣ್ ಎಂದರೆ ಗಟ್ಟಿ, ದಪ್ ಎಂದರೆ ಒಳಗೆ ಬಿರುಕು. ಇಪ್ಪತ್ತು ವರ್ಷ ತಟ್ಟಿದವನು ಅವತ್ತೊಂದು ದಿನ ಮಾತಿನ ಭರದಲ್ಲಿ ತಟ್ಟದೆ ಯಂತ್ರಕ್ಕೆ ಹಾಕಿದ. ಚಕ್ರ ಸಿಡಿದು ಅಪ್ಪನ ಎದೆಗೆ ಬಡಿದು ಅಲ್ಲೇ ಪ್ರಾಣ ಹೋಯಿತು. ಇಬ್ಬರೂ ನಿನ್ನ ಮದುವೆಯ ವಿಷಯ ಮಾತಾಡಿ ನಗುತ್ತಿದ್ದರಂತೆ.

ಕಣ್ಣಿಗೆ ಕಣ್ಣು ಎಂದು ಮೋಶೆಯ ಕಾನೂನನ್ನು ನನ್ನ ಮುಖಕ್ಕೇ ಎಸೆದೆಯಲ್ಲ. ಭಾನುವಾರದ ಪಾಠಕ್ಕೆ ಚಕ್ಕರ್ ಹೊಡೆಯುತ್ತಿದ್ದವನಿಗೆ ಅದೊಂದು ಮಾತ್ರ ನೆನಪಿದೆ! ಒಂದಕ್ಕೆ ಒಂದೇ, ಹೆಚ್ಚು ಕೀಳಬೇಡ ಎಂದು ಸೇಡಿಗೆ ಹಾಕಿದ ಮೂಗುದಾರ ಅದು ಎಂದು ಪಾದ್ರಿಗಳು ಹೇಳಿದರು. ಕನ್ನಡಕ ಹಾಕಿಕೊಂಡು ನಾನೂ ಮುಂದಕ್ಕೆ ಓದಿದೆ. ಮರ ಕಡಿಯುವಾಗ ಕೊಡಲಿಯ ತಲೆ ಕಳಚಿ ಹಾರಿ ಜೊತೆಗಾರ ಸತ್ತರೆ, ಕಡಿದವನು ಓಡಿಹೋಗಿ ಜೀವ ಉಳಿಸಿಕೊಳ್ಳಲೆಂದೇ ಕೆಲವು ಊರುಗಳನ್ನು ಗೊತ್ತುಮಾಡಿದ್ದರಂತೆ. ಅಲ್ಲಿ ಸತ್ತವನ ಕಡೆಯವರು ಅವನನ್ನು ಮುಟ್ಟುವ ಹಾಗಿಲ್ಲ. ಆ ಪುಟದ ಮೂಲೆ ಮಡಚಿಟ್ಟಿದ್ದೇನೆ.

ನಾನೇನು ದೊಡ್ಡ ಸಾಧ್ವಿಯಲ್ಲ. ನೀನು ಹೋದ ಮಾರನೆಯ ದಿನ ಸಾಣೆ ಮಾಮ ಬಾಗಿಲಿಗೆ ಬಂದ. ಕೆನ್ನೆಗೆ ಬಾರಿಸಿದೆ. ಯೇಸು ಹೇಳಿದ ಹಾಗೆ ಇನ್ನೊಂದು ಕೆನ್ನೆ ಒಡ್ಡಿದ. ಮೈಯೆಲ್ಲ ಉರಿದುಹೋಯಿತು, ಅದಕ್ಕೂ ಬಾರಿಸಿದೆ. ಏಳೆಪ್ಪತ್ತು ಸಾರಿ ಕ್ಷಮಿಸಬೇಕಂತೆ. ನನಗೆ ಒಂದು ಸಾರಿಯೇ ಆಗುತ್ತಿಲ್ಲ. ಆದರೆ ನೀನು ಅವನನ್ನು ಕೊಂದು ಜೈಲು ಸೇರಿದರೆ ನಾನು ಯಾರ ಮುಖ ನೋಡಿಕೊಂಡು ಬದುಕಲಿ? ಹೆತ್ತವಳು ಕಾಲು ಹಿಡಿಯುತ್ತೇನೆ ಕಣೋ, ಬಂದುಬಿಡು. ತಂಗಿ ದಿನಾ ಗೇಟಿನ ಹತ್ತಿರ ನಿಲ್ಲುತ್ತಾಳೆ.

ದೇವರು ನಿನ್ನ ಕೈಯನ್ನು ತಡೆದು ನಿಲ್ಲಿಸಲಿ.

ನಿನ್ನ
ಅಮ್ಮ

ಇನ್ನೊಂದು ಮಾತು. ಹೇಳಲೋ ಬೇಡವೋ ಎಂದು ಒದ್ದಾಡಿ ಹೇಳುತ್ತಿದ್ದೇನೆ, ಚಿಕ್ಕಪ್ಪ ಅವಸರ ಮಾಡುತ್ತಿದ್ದಾನೆ. ಸಾಣೆ ಮಾಮ ಅವತ್ತು ವಾಪಸು ಹೋಗಲಿಲ್ಲ. ನಮ್ಮ ಹಿಂದಿನ ಕೋಣೆಯಲ್ಲೇ ಇದ್ದಾನೆ. "ಚಿಲ್ಕ ಹಾಕ್ಬೇಡಿ ಅತ್ತಿಗೆ, ಅವ್ನು ಬಂದ್ರೆ ಬರ್ಲಿ" ಎನ್ನುತ್ತಾನೆ. ಈ ಕಾಗದಕ್ಕೆ ಕೂರುವ ಮುಂಚೆ ನಾನೇ ಹೊರಗಿನಿಂದ ಬೀಗ ಹಾಕಿದೆ. ನಾನಿನ್ನೂ ಅವನನ್ನು ಕ್ಷಮಿಸಿಲ್ಲ ಮಗಾ. ಆದರೆ ಕೀಲಿಯನ್ನು ನಿನಗೆ ಕೊಡುವುದಿಲ್ಲ.