ಮೂರನೆಯ ವರ್ಷದ ಸೇಬು

ಸೆಪ್ಟೆಂಬರ್ 12, 2024, ಗುರುವಾರ. ತಿಬೇರಿಯಾದ ಹೋಟೆಲು.

ಯುದ್ಧ ಶುರುವಾಗಿ, ಗಡಿಯ ನಮ್ಮ ಊರನ್ನು ಖಾಲಿ ಮಾಡಿಸಿ ನಮ್ಮನ್ನು ಇಲ್ಲಿಗೆ ತಂದು ಹನ್ನೊಂದು ತಿಂಗಳಾಯಿತು. ಇವತ್ತು ಸೈನಿಕರು ಅಪ್ಪನನ್ನು ಒಂದು ಗಂಟೆಯ ಮಟ್ಟಿಗೆ ಮನೆಗೆ ಬಿಟ್ಟಿದ್ದರು. ರಾಕೆಟ್ಟಿನ ಬೆಂಕಿಗೆ ಅಂಗಳದ ಸೇಬಿನ ಮರ ಸುಟ್ಟುಹೋಗಿದೆಯಂತೆ. ನೆಟ್ಟ ಮೇಲೆ ಮೂರು ವರ್ಷ ಹಣ್ಣು ಮುಟ್ಟಬಾರದೆಂಬ, ನಮ್ಮ ಯೆಹೂದಿ ಧರ್ಮಗ್ರಂಥ ತೋರಾದ ಕಟ್ಟಳೆಯಂತೆ ಅಪ್ಪ ನಾಲ್ಕನೆಯದಾದ ಈ ವರ್ಷಕ್ಕಾಗಿ ಕಾದಿದ್ದ.

"ಅಲ್ಲೇ ಇನ್ನೊಂದು ನೆಡ್ತೀನಿ," ಎಂದ.

"ಮತ್ತೆ ಮೂರು ವರ್ಷ ಕಾಯ್ಬೇಕಾ, ಎಲ್ದಾದ್?" ಅಮ್ಮ ಅಪ್ಪನನ್ನು ಕೇಳಿದಳು.

"ಕಾಯೋದು. ಇನ್ನೆಲ್ಲಿಗೆ ಹೋಗೋಣ?" ಆಮೇಲೆ ನನ್ನತ್ತ ತಿರುಗಿದ. "ಅದರ ರುಚಿ ಯಾರಿಗೂ ಗೊತ್ತಾಗ್ಲೇ ಇಲ್ಲ ನೋಡು, ಮಗಳೇ."

ನನಗೆ ಗೊತ್ತು. ಹೋದ ವರ್ಷವೇ ಒಂದನ್ನು ಕದ್ದು ತಿಂದಿದ್ದೆ. ಇಲ್ಲಿ ಊರು ನೆನಪಾದಾಗಲೆಲ್ಲ ಬಾಯಲ್ಲಿ ಅದೇ ಹುಳಿ.

ಹೇಳಿದರೆ ಅಪ್ಪ ಬೈಯುವುದಿಲ್ಲ. ಹೇಗಿತ್ತು ಎಂದು ಕೇಳುತ್ತಾನೆ. ಅದಕ್ಕೇ ಹೇಳಲಿಲ್ಲ.